ಸುಗುಣಮ್ಮನ ಆತ್ಮಿಕ ಗೆಳತಿಯರು

ಅರವತ್ತರ ದಶಕದ ಆರಂಭದಲ್ಲಿ ಜಯನಗರದ ಅಶೋಕ ಸ್ತಂಭದ ಹತ್ತಿರ ಯೋನಾತಾನ ಕೂಟ ಎಂಬ ಪ್ರಾರ್ಥನಾ ಕೂಟವಿತ್ತು. ದಾವೀದನನ್ನು ಪ್ರಾಣದಂತೆ ಪ್ರೀತಿಸಿದ ಗೆಳೆಯ ಯೋನಾತಾನನ ಹೆಸರನ್ನು ಬೈಬಲಿನಿಂದ ಎತ್ತಿ ಇಟ್ಟಿದ್ದರು. ನಡೆಸುತ್ತಿದ್ದವರು ನಿವೃತ್ತ ತಹಸೀಲ್ದಾರ್ ಸತ್ಯಮಿತ್ರ. ಅವರಿಗೆ ಸ್ನೇಹಿತರು ಇರಲಿಲ್ಲ, ಆದರೆ ಆತ್ಮಿಕ ಸ್ನೇಹದ ಮೇಲೆ ಕಾಫಿ ಆರಿ ತಣ್ಣಗಾಗುವವರೆಗೆ ಮಾತಾಡುತ್ತಿದ್ದರು. ಕೂಟದವರೆಲ್ಲ ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎನ್ನುತ್ತಿದ್ದರು. ಹೆಸರು ನೆನಪಿಟ್ಟುಕೊಳ್ಳುವ ತಾಪತ್ರಯ ತಪ್ಪುತ್ತಿತ್ತು.

ಇದನ್ನೆಲ್ಲ ನಿಜವೆಂದು ನಂಬಿದ್ದವಳು ಫಿಟ್ಟರ್ ಒಬ್ಬನ ಹೆಂಡತಿ ಸುಗುಣಮ್ಮ. ಭಾನುವಾರ ಸಭೆಯ ಮಕ್ಕಳಿಗೆ ಬೈಬಲ್ ಕಥೆ ಹೇಳುವುದು ಅವಳ ಕೆಲಸ. ಉರಿಯುವ ಪೊದೆಯ ಮುಂದೆ ಮೋಶೆ ಚಪ್ಪಲಿ ಬಿಚ್ಚಿ ನಿಂತ ಕಥೆಯನ್ನು ಅವಳು ಹೇಳಿದರೆ ಮಕ್ಕಳು ತಾವೂ ಚಪ್ಪಲಿ ಬಿಚ್ಚಿ ಕೂರುತ್ತಿದ್ದರು. ಒಂದು ಮಳೆಗಾಲ ಅವಳ ಒಬ್ಬಳೇ ಮಗಳು ರೂತ್ ವಿಷಮಶೀತ ಜ್ವರ ಬಂದು ತೀರಿಕೊಂಡಳು.

ಕೂಟದಲ್ಲಿ ಪ್ರತಿಯೊಬ್ಬರಿಗೂ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಜೊತೆಗಾರರು ಇರಬೇಕೆಂಬ ನಿಯಮ. ಸುಗುಣಮ್ಮನಿಗೆ ಸಿಕ್ಕವಳು ಗ್ರೇಸಮ್ಮ.

"ಸಿಸ್ಟರ್, ನಂಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಬಾಯಿ ಆಡುತ್ತೆ, ಒಳಗೆ ಏನೂ ಇಲ್ಲ. ಯಾರ್ಗೂ ಹೇಳ್ಬೇಡಿ."

"ಛೆ, ಹೇಳ್ತೀನಾ? ಕರ್ತನೇ ಸಾಕ್ಷಿ," ಎಂದು ಗ್ರೇಸಮ್ಮ ಕಣ್ಣೊರೆಸಿಕೊಂಡಳು.

ಅವಳು ಯಾರಿಗೂ ಹೇಳಲಿಲ್ಲ. ದೇವರಿಗೆ ಮಾತ್ರ ಹೇಳಿದಳು, ಶನಿವಾರದ ತುಂಬಿದ ಕೂಟದಲ್ಲಿ, ಕಣ್ಣು ಮುಚ್ಚಿ, ಗಟ್ಟಿಯಾಗಿ: "ಕರ್ತನೇ, ಮಗಳ ಜೊತೆ ನಂಬಿಕೇನೂ ಕಳ್ಕೊಂಡಿರೋ ನಮ್ಮ ಸಿಸ್ಟರ್ ಒಬ್ರನ್ನ ಕ್ಷಮಿಸಪ್ಪಾ!" ಮುಚ್ಚಿದ್ದ ಕಣ್ಣುಗಳೆಲ್ಲ ತೆರೆದು ಸುಗುಣಮ್ಮನನ್ನು ನೋಡಿ ಭಕ್ತಿಯಿಂದ ಮತ್ತೆ ಮುಚ್ಚಿಕೊಂಡವು. ಚಾಡಿಗೆ ಕೊನೆಯಲ್ಲಿ ಆಮೆನ್ ಸೇರಿಸಿದರೆ ಅದೂ ಪ್ರಾರ್ಥನೆಯೇ.

ಮರುದಿನವೇ ಮಕ್ಕಳಿಗೆ ಕಥೆ ಹೇಳುವ ಕೆಲಸವನ್ನು ಬೇರೊಬ್ಬರಿಗೆ ವಹಿಸಿದರು. "ನೀವು ರೆಸ್ಟ್ ತಗೊಳ್ಳಿ ಸಿಸ್ಟರ್," ಎಂದರು ಸತ್ಯಮಿತ್ರ. ಸುಗುಣಮ್ಮ ಮನೆ ಹಿಡಿದಳು. ಯೋನಾತಾನರಲ್ಲಿ ಒಬ್ಬರೂ ಅವಳ ಹೊಸಿಲು ತುಳಿಯಲಿಲ್ಲ. ಅವಳಿಗಾಗಿ ಪ್ರಾರ್ಥಿಸುತ್ತಿದ್ದೇವೆ ಎಂದು ಮಾತ್ರ ಎಲ್ಲರಿಗೂ ಹೇಳುತ್ತಿದ್ದರು. ಅದಕ್ಕೆ ಬಿಸಿಲಲ್ಲಿ ನಡೆಯಬೇಕಾಗಿರಲಿಲ್ಲವಲ್ಲ.

ಕೊನೆಗೆ ಚಳಿಗಾಲದಲ್ಲಿ ಕೂಟದ ಎಲಿಸಮ್ಮ ಒಬ್ಬರು ಮಾತ್ರ ಬಂದರು. ತಿಲಕನಗರದ ನಿವೃತ್ತ ಹೆಡ್‌ಮಿಸ್ಟ್ರೆಸ್. ಕೂಟದಲ್ಲಿ ಅವರಿಂದ ಯಾರೂ ಪ್ರಾರ್ಥನೆ ಮಾಡಿಸುತ್ತಿರಲಿಲ್ಲ, ತೀರಾ ಬೇಗ ಮುಗಿಸಿಬಿಡುತ್ತಾರೆಂದು.

"ನೀವೂ ಬುದ್ಧಿ ಹೇಳೋಕೆ ಬಂದ್ರಾ ಅಕ್ಕಾ?"

"ಇಲ್ಲಮ್ಮ. ನಿಂಗೆ ಪ್ರಾರ್ಥನೆ ಆಗ್ದಿದ್ರೆ ಬಿಡು, ನಿನ್ನ ಪಾಲಿಂದೂ ನಾನೇ ಮಾಡ್ತೀನಿ. ನೀನು ಕೂತ್ಕೊಂಡು ಅವರೆಕಾಯಿ ಸುಲಿ."

ಅವರು ರೂತಳ ಹೆಸರು ಹೇಳಿ ಪ್ರಾರ್ಥಿಸಿದರು. ಮಗು ಹೋದಮೇಲೆ ಆ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ. ಸುಗುಣಮ್ಮ ಮೊರ ಪಕ್ಕಕ್ಕಿಟ್ಟು ಅತ್ತಳು.

ಎಲಿಸಮ್ಮ ಬರುತ್ತಲೇ ಇದ್ದರು. ಒಂದು ಮಧ್ಯಾಹ್ನ ನೇರವಾಗಿ ಹೇಳಿದರು: "ಸುಗುಣ, ಕೂಟದವರ ಮೇಲಿನ ಸಿಟ್ಟನ್ನ ಮಗು ಹೋದ ದುಃಖ ಅಂದ್ಕೊಂಡು ಸಾಕ್ತಾ ಇದೀಯ. ಎರಡೂ ಬೇರೆ ಬೇರೆ."

"ನೀವು ಎದ್ದು ಹೋಗಿ ಅಕ್ಕಾ!"

ಎದ್ದು ಹೋದರು. ಮರುದಿನ ಮತ್ತೆ ಬಂದರು. "ಕೋಪ ಇಳೀತಾ? ಇಳಿದಿದ್ರೆ ಕಾಫಿ ಕೊಡು. ಇಳೀದಿದ್ರೂ ಕೊಡು."

ಸುಗುಣಮ್ಮ ಕಾಫಿ ಕೊಟ್ಟಳು. ಈಸ್ಟರ್ ಹಬ್ಬಕ್ಕೆ ಅವರ ಜೊತೆ ದೇವಾಲಯಕ್ಕೂ ಹೋದಳು. ಅವಳನ್ನು ಕಂಡದ್ದೇ ಸತ್ಯಮಿತ್ರರು ಎದ್ದು ನಿಂತು, "ನೋಡಿ, ನಮ್ಮ ಕೂಟದ ಪ್ರಾರ್ಥನೆಯ ಫಲ! ಆತ್ಮಿಕ ಸ್ನೇಹ ಅಂದ್ರೆ ಇದು!" ಎಂದು ಸಾರಿದರು. ಗ್ರೇಸಮ್ಮನ ಕರ್ಚೀಫು ಕಣ್ಣಿಗೆ ಹೋಯಿತು.

"ಇವಳ ಮನೆ ಎಲ್ಲಿದೆ ಅಂತಾದ್ರೂ ಗೊತ್ತಾ ಇವ್ರಿಗೆ?" ಎಂದರು ಎಲಿಸಮ್ಮ. ಪಿಸುಮಾತೇ, ಆದರೆ ಹೆಡ್‌ಮಿಸ್ಟ್ರೆಸ್ ಗಂಟಲು. ಕೊನೆಯ ಬೆಂಚಿಗೂ ಕೇಳಿಸಿತು.

ಸುಗುಣಮ್ಮ ನಕ್ಕುಬಿಟ್ಟಳು, ಬಾಯಿ ಮುಚ್ಚಿಕೊಂಡರೂ ತಡೆಯಲಾರದೆ. ಪವಿತ್ರ ಸ್ಥಳದಲ್ಲಿ ನಕ್ಕಿದ್ದಕ್ಕೂ ನಗಿಸಿದ್ದಕ್ಕೂ ಇಬ್ಬರನ್ನೂ ಕೂಟದಿಂದ ಕೈಬಿಟ್ಟರು. ಯೋನಾತಾನರಿಗೆ ಇನ್ನೂ ಒಂದು ಪ್ರಾರ್ಥನೆಯ ವಿಷಯ ಸಿಕ್ಕಿತು.

ಆ ಸಂಜೆ ಎಲಿಸಮ್ಮನ ಅಡುಗೆಮನೆಯಲ್ಲಿ ಸುಗುಣಮ್ಮ ತಾನಾಗಿಯೇ ಕಣ್ಣು ಮುಚ್ಚಿ ಒಂದೆರಡು ಮಾತು ಪ್ರಾರ್ಥಿಸಿದಳು. ಏನು ಕೇಳಿಕೊಂಡಳೆಂದು ಎಲಿಸಮ್ಮ ಯಾರಿಗೂ ಹೇಳಲಿಲ್ಲ.