ಒಂದೇ ಡಬ್ಬಿಯ ಆಯಿಲ್

ಡೀಸೆಲ್ ಗಾಡಿಗೆ ಯಾವ ಆಯಿಲ್ ಹಾಕಿಸಬೇಕು ಎಂದು ಯಾರಾದರೂ ಮಾತು ತೆಗೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಉತ್ತರವೇನೂ ಕಷ್ಟದ್ದಲ್ಲ. ಗಾಡಿ ಮಾಡಿದವರು ಯಾವುದನ್ನು ಹೇಳಿದ್ದಾರೋ ಅದನ್ನು ಹಾಕಬೇಕು. ಇಷ್ಟು ಸರಳವಾದ ಮಾತು ಒಂದು ಮನೆಯೊಳಗೆ ನಡೆಯದೆ ಹೋದರೆ ಏನೇನಾಗುತ್ತದೆ ಎಂಬುದನ್ನು ಅನುಭವಿಸಿ ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆಯುತ್ತೇನೆಂದು ಮಾತು ಕೊಡಲಾರೆ.

ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದಿಂದ ಒಳಗೆ ಹೋದರೆ ಸಿಗುವ ಕಾಲೊನಿಯೊಂದರಲ್ಲಿ ನನ್ನ ಗಂಡನ ಮನೆ. ಮೂಲ ಕಲಬುರಗಿ ಕಡೆಯಾದರೂ ಅಜ್ಜನ ಕಾಲದಿಂದ ಇಲ್ಲಿಯೇ ಸರ್ಕಾರಿ ನೌಕರಿ. ಒಂದೇ ಕಂಪೌಂಡು, ಒಂದೇ ಅಡುಗೆಮನೆ, ಒಬ್ಬರೇ ಹಿರಿಯರು. ಹಿರಿಯರೆಂದರೆ ನನ್ನ ಗಂಡನ ಅಣ್ಣ, ನನ್ನ ಭಾವ. ಸರ್ಕಾರಿ ಮೋಟಾರು ವರ್ಕ್‌ಶಾಪಿನಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಜೀಪುಗಳ ಕಾಲದಲ್ಲಿ ಕಲಿತದ್ದನ್ನು ಮರೆತಿಲ್ಲ, ಆಮೇಲೆ ಬಂದದ್ದನ್ನು ಕಲಿತೂ ಇಲ್ಲ. ನನ್ನ ಗಂಡ ನಾಂಪಲ್ಲಿಯ ಒಂದು ಕಚೇರಿಯಲ್ಲಿದ್ದಾರೆ. ಅಲ್ಲಿ ಇಡೀ ವಿಭಾಗವನ್ನು ಗದರಿಸುತ್ತಾರಂತೆ. ಮನೆಯಲ್ಲಿ ಅಣ್ಣನ ಮುಂದೆ ಬಾಯಿಗೆ ಬೀಗ.

ನಾನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡಿಸಿ ಮಾರುತ್ತಿದ್ದೆ. ಯಾದಗಿರಿ ಕಡೆಯಿಂದ ಕೂಲಿಗೆ ಬಂದಿದ್ದ ಅಕ್ಕ ತಂಗಿ ಇಬ್ಬರು ಕಟ್ಟಡದ ಕೆಲಸ ಬಿಟ್ಟು ನನ್ನ ಜೊತೆ ಸೇರಿದ್ದರು. ಅವರು ಬಡಿದ ರೊಟ್ಟಿಯನ್ನು ಬಿಸಿಲಿಗೆ ಹಿಡಿದರೆ ಆಚೆಯ ಬೆಳಕು ಕಾಣಬೇಕು, ಅಷ್ಟು ತೆಳು. ದಿನವೂ ಮಧ್ಯಾಹ್ನದ ಊಟದ ಹೊತ್ತಿಗೆ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಮುಟ್ಟಿಸುವುದು ನನ್ನ ಕೆಲಸ. ಅಲ್ಲಿ ದುಡಿಯುವವರಲ್ಲಿ ನಮ್ಮ ಕಡೆಯವರೇ ಬಹಳ. ಅದೊಂದು ಆರ್ಡರಿನ ಮೇಲೆ ನಮ್ಮ ಮೂವರ ದುಡಿಮೆ ನಿಂತಿತ್ತು. ಅದಕ್ಕಾಗಿಯೇ ಚಿಕ್ಕದೊಂದು ಡೀಸೆಲ್ ವ್ಯಾನ್ ಕೊಂಡಿದ್ದೆ. ನನ್ನ ಹೆಸರಿನಲ್ಲೇ ಇತ್ತು, ನಾನೇ ಓಡಿಸುತ್ತಿದ್ದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ, ಬೇರೆಲ್ಲೂ ಕಂಡಿಲ್ಲ. ದಸರೆಯ ಖಂಡೇಪೂಜೆಗೆ ಎಲ್ಲರೂ ಗಾಡಿ ತೊಳೆದು ಹೂವು ಏರಿಸುತ್ತಾರೆ, ಸರಿ. ನಮ್ಮಲ್ಲಿ ಅಂದೇ ಮನೆಯ ಎಲ್ಲ ಗಾಡಿಗಳ ಎಂಜಿನ್ ಆಯಿಲ್ ಕೂಡ ಬದಲಾಗಬೇಕು. ಭಾವ ಒಂದು ದೊಡ್ಡ ಡಬ್ಬಿ ಆಯಿಲ್ ತರುತ್ತಾರೆ. ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತಮ್ಮ ಹಳೆಯ ಜೀಪಿಗೆ, ಮಗನ ಮೋಟಾರ್ ಸೈಕಲ್ಲಿಗೆ, ನನ್ನ ಗಂಡನ ಸ್ಕೂಟರಿಗೆ, ಎಲ್ಲಕ್ಕೂ ಆ ಒಂದೇ ಡಬ್ಬಿಯಿಂದ ತಮ್ಮ ಕೈಯಾರೆ ಸುರಿಯುತ್ತಾರೆ, ತೀರ್ಥ ಕೊಟ್ಟ ಹಾಗೆ. ಬೇಡ ಎನ್ನುವಂತಿಲ್ಲ. ಅದರಿಂದ ಯಾವ ಗಾಡಿಯೂ ಕೆಟ್ಟು ನಿಂತಿರಲಿಲ್ಲ, ಏಕೆಂದರೆ ಎಲ್ಲವೂ ಹಳೆಯವು, ಏನು ಸುರಿದರೂ ನುಂಗಿಕೊಂಡು ಓಡುವಂಥವು. ಈ ಮನೆಯ ಸೊಸೆಯರ ಹಾಗೆ.

ವ್ಯಾನ್ ಬಂದ ವರ್ಷ ಅದರ ಹೊಟ್ಟೆಗೂ ಅದೇ ಆಯಿಲ್ ಹೋಯಿತು. ಮುಂದಿನ ದಸರೆ ಹತ್ತಿರ ಬಂದಾಗ ನಾನು ಕೂತು ಗಾಡಿಯ ಕೈಪಿಡಿ ಓದಿದೆ. ಆಯಿಲ್ ಮಂದವೋ ತೆಳುವೋ ಎಂಬುದನ್ನು ಡಬ್ಬಿಯ ಮೇಲಿನ ಅಂಕಿಗಳು ಹೇಳುತ್ತವೆ. ಮೊದಲನೆಯದು ಎಂಜಿನ್ ತಣ್ಣಗಿದ್ದಾಗಿನದು, ಎರಡನೆಯದು ಕಾದಾಗಿನದು. ಹೊಸ ಎಂಜಿನ್ನಿನ ಸಂದುಗಳು ಸಣ್ಣವು, ಮಂದ ಆಯಿಲ್ ಅಲ್ಲಿಗೆ ಬೇಗ ತಲುಪುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬೂದಿ. ಈಗಿನ ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಎಂಜಿನ್ ಓಡುವಾಗ ಚೂರುಪಾರು ಆಯಿಲ್ ಸುಡುತ್ತಲೇ ಇರುತ್ತದೆ, ಹಳೆಯ ಬಗೆಯ ಆಯಿಲ್ ಸುಟ್ಟರೆ ಬೂದಿ ಹೆಚ್ಚು. ಮಸಿಯನ್ನು ಆ ಫಿಲ್ಟರ್ ಸುಟ್ಟುಕೊಳ್ಳಬಲ್ಲದು, ಬೂದಿಯನ್ನು ಹೇಗೆ ಸುಡುತ್ತದೆ? ಒಲೆ ಹೊತ್ತಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಬೂದಿ ಕಡಿಮೆ ಬಿಡುವ, ತೆಳು ಆಯಿಲನ್ನೇ ಹಾಕಬೇಕು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿತ್ತು.

ಅದನ್ನು ಹುಡುಕಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದರೆ ಅಂಗಡಿಯವನು, "ಘರ್ ಮೇ ಕೋಯಿ ಆದ್ಮಿ ನಹೀಂ ಹೈ ಕ್ಯಾ?" ಎಂದ. ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ ಎಂದು. ಇದ್ದಾರೆ, ಅದೇ ತೊಂದರೆ ಎಂದು ಹೇಳಿ ಬೇರೆ ಅಂಗಡಿಗೆ ಹೋದೆ. ಕೊನೆಗೆ ಸಿಕ್ಕಿತು.

ಹಬ್ಬದ ಬೆಳಿಗ್ಗೆ ಆ ಡಬ್ಬಿಯನ್ನು ಭಾವನ ಕೈಗೆ ಕೊಟ್ಟೆ. ಅವರು ಒಂದು ಹನಿ ತೆಗೆದು ಬೆರಳ ನಡುವೆ ಉಜ್ಜಿ ನೋಡಿದರು.

"ಇದೇನವಾ ತಂಗಿ, ಬ್ಯಾಳಿ ಕಟ್ಟಿನಂಗ ಐತಿ. ಹೈದರಾಬಾದ್ ಬಿಸಲಿಗೆ ಇದು ತಡೀತೈತೇನು?"

"ಗಾಡಿ ಮಾಡಿದವರ ಹೇಳ್ಯಾರ್ರಿ, ಇದನ್ನ ಹಾಕಬೇಕಂತ. ನಮ್ಮ ವ್ಯಾನಿಗೆ ಮಾತ್ರ ಇದನ್ನ ಹಾಕ್ರಿ ಭಾವರ."

"ಆತು, ಹಾಕ್ತೀನಿ. ನೀ ಹೋಳಿಗಿ ನೋಡಹೋಗು."

ನಾನು ಹೂರಣ ರುಬ್ಬಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ವ್ಯಾನಿನ ಮೇಲೆ ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಹಾಕಿದಿರೇನು ಎಂದು ಕೇಳಿದೆ. ಹಾಕಿದೆ, ಚಿಂತಿ ಮಾಡಬ್ಯಾಡ ಎಂದರು. ಹಿರಿಯರು ಹೇಳಿದ ಮೇಲೆ ಬಾನೆಟ್ ಎತ್ತಿ ನೋಡುವ ರೂಢಿ ನಮ್ಮಲ್ಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಬಾಲಾನಗರ ದಾಟುವಾಗ, ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಆಮೇಲೆ ಗಾಡಿಗೆ ಎಳೆಯುವ ಶಕ್ತಿಯೇ ಇಲ್ಲ. ಎಷ್ಟು ತುಳಿದರೂ ತೆವಳುತ್ತದೆ. ಹಿಂದಿನಿಂದ ಲಾರಿಗಳ ಹಾರನ್, ಬೈಗುಳ. ಕಡೆಗೆ ರಸ್ತೆಯ ಬದಿಗೆ ನಿಂತೇ ಹೋಯಿತು. ರೊಟ್ಟಿಯ ಗಂಟುಗಳನ್ನು ಆಟೋಗಳಿಗೆ ಹೇರಿಕೊಂಡು ಕಾರ್ಖಾನೆ ಮುಟ್ಟಿದಾಗ ಜನ ಅನ್ನ ಉಂಡು ಕೈ ತೊಳೆದಾಗಿತ್ತು. ಆಟೋದ ಕುಲುಕಾಟಕ್ಕೆ ಅರ್ಧಕ್ಕರ್ಧ ರೊಟ್ಟಿಗಳು ಚೂರಾಗಿದ್ದವು.

ಗ್ಯಾರೇಜಿನ ಮೇಸ್ತ್ರಿ ಆಯಿಲ್ ಇಳಿಸಿ, "ಏ ಕ್ಯಾ ಡಾಲೇ ಅಮ್ಮಾ ಇಸ್ ಮೇ?" ಎಂದು ಕೇಳಿದ. ಇದರಲ್ಲಿ ಏನು ಹಾಕಿದ್ದೀರಿ ಎಂದು. ಕಾಡಿಗೆಯ ಹಾಗೆ ದಪ್ಪಗೆ ಇಳಿಯಿತು. ನಾನು ತಂದಿದ್ದ ಆಯಿಲ್ ಅದಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ಫಿಲ್ಟರ್ ಬೂದಿಯಿಂದ ಕಟ್ಟಿಕೊಂಡಿತ್ತು, ಹೊಸದು ತರಿಸಬೇಕಾಯಿತು. ಗ್ಯಾರಂಟಿ ಇತ್ತಲ್ಲ ಎಂದರೆ ಷೋರೂಮಿನವರು ಕೈ ಎತ್ತಿಬಿಟ್ಟರು: ತಪ್ಪು ಆಯಿಲಿಗೆ ಗ್ಯಾರಂಟಿ ಇಲ್ಲ. ಫಿಲ್ಟರ್ ಬರುವ ತನಕ ಆಟೋಗಳಲ್ಲಿ ಸಾಗಿಸಿ ನೋಡಿದೆ. ಒಂದು ದಿನ ತಡ, ಒಂದು ದಿನ ಚೂರು. ಕ್ಯಾಂಟೀನಿನ ಮೇಲ್ವಿಚಾರಕ ಒಳ್ಳೆಯ ಮನುಷ್ಯನೇ. ಆದರೂ ಒಂದು ಮಧ್ಯಾಹ್ನ, "ರೇಪಟಿ ನುಂಚಿ ವದ್ದಮ್ಮಾ" ಎಂದುಬಿಟ್ಟ. ನಾಳೆಯಿಂದ ಬೇಡ. ಅಷ್ಟೇ.

ಆಗ ಮನೆಯಲ್ಲಿ ನಡೆದದ್ದನ್ನು ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ನಾನು ತಂದಿದ್ದ ಡಬ್ಬಿ ಭಾವನ ಸಾಮಾನಿನ ಕೋಣೆಯಲ್ಲೇ ಇತ್ತು. ಗೇಟಿನ ಕೀಲು ಕಿರಗುಟ್ಟಾಕತ್ತಿತ್ತು, ಅದಕ ಹಾಕೀವಿ ಎಂದ ಅವರ ಮಗ, ನಗುತ್ತ. ಊರೆಲ್ಲ ಸುತ್ತಿ ಆರಿಸಿ ತಂದ ಆಯಿಲ್ ಗೇಟಿಗೆ, ಗೇಟಿಗೆ ಹಾಕುವಂಥದ್ದು ನನ್ನ ಗಾಡಿಗೆ. ಇಷ್ಟಾದ ಮೇಲೂ ಊಟಕ್ಕೆ ಕೂತಾಗ ಭಾವ ಹೇಳಿದ್ದು: "ಹೆಣ್ಣಮಕ್ಕಳು ಕ್ಲಚ್ ಮ್ಯಾಲ ಕಾಲಿಟ್ಟ ಗಾಡಿ ಹೊಡಿತಾರ. ಇನ್ನೇನಾಗ್ತೈತಿ?" ಎಲ್ಲರೂ ತಲೆಯಾಡಿಸಿದರು. ನನ್ನ ಗಂಡ ಸಾರು ಬಡಿಸು ಎಂದರು.

ಯಾದಗಿರಿಯ ಅಕ್ಕ ನನ್ನ ಜೊತೆ ಉಳಿದಳು, ತಂಗಿ ಮತ್ತೆ ಕಟ್ಟಡದ ಕೆಲಸಕ್ಕೆ ಹೋದಳು. ರೊಟ್ಟಿ ಬಡಿಯುವ ಆ ಕೈಗಳಲ್ಲಿ ಈಗ ಸಿಮೆಂಟಿನ ಬುಟ್ಟಿ. ಹೋಗುವಾಗ ನನ್ನನ್ನೇ ಸಮಾಧಾನ ಮಾಡಿದಳು. "ಇರಲಿ ಬಿಡ್ರೆವ್ವಾ, ಮತ್ತ ಆರ್ಡರ್ ಸಿಕ್ರ ಕರೀರಿ." ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇಳಿದಿಲ್ಲ.

ಹೊಸ ಫಿಲ್ಟರ್ ಹಾಕಿಸಿ, ಸರಿಯಾದ ಆಯಿಲ್ ತುಂಬಿಸಿ ವ್ಯಾನನ್ನು ಮನೆಗೆ ತಂದ ದಿನ ಭಾವ ಅಂಗಳಕ್ಕೆ ಬಂದರು. ಕೈಯಲ್ಲಿ ಅದೇ ದೊಡ್ಡ ಡಬ್ಬಿ.

"ಬಾನೆಟ್ ತಗಿ ತಂಗಿ. ಮ್ಯಾಲ ಒಂದೀಟ ಹಾಕತೀನಿ, ತಣ್ಣಗ ಓಡತೈತಿ."

ನಾನು ಬಾನೆಟ್ ಎತ್ತಿದೆ. ಆಯಿಲ್ ಸುರಿಯಲು ಬಿಚ್ಚುವ ಮುಚ್ಚಳದ ಮೇಲೆ ಯಾವ ಆಯಿಲ್ ಎಂದು ಅಚ್ಚಾಗಿತ್ತು. ಅದರ ಮೇಲೆ ಬೆರಳಿಟ್ಟು, "ಇಲ್ಲಿ ಬರದಾರಲ್ಲರಿ ಭಾವರ. ಇದನ್ನ ಒಂದ್ ಸಲ ಓದಿದ್ರ ನನ್ನ ಕೆಲಸ ಉಳೀತಿತ್ತು" ಎಂದೆ.

"ಓದೀನವಾ," ಎಂದರು ಭಾವ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತ ಮುಚ್ಚಳ ಬಿಚ್ಚೂ ಮುಂದನ ಓದೀನಿ. ನನಗೇನ್ ಕಣ್ಣಿಲ್ಲೇನು? ಆದ್ರ ಇವತ್ತ ನನ್ನ ಗಾಡಿಗೆ ಬ್ಯಾರೆ ಆಯಿಲ್ ಅಂತಿ, ನಾಳೆ ನನಗ ಬ್ಯಾರೆ ಒಲಿ ಅಂತಿ. ಮನಿ ಅಂದಮ್ಯಾಲ ಎಲ್ಲಾರಿಗೂ ಒಂದ."

ಇಷ್ಟು ದಿನ ನಾನು ಒಳಗೊಳಗೇ ಅವರ ಪರ ವಾದಿಸಿದ್ದೆ. ವಯಸ್ಸಾಗಿದೆ, ಹಳೆಯ ಕಾಲದವರು, ತಿಳಿಯದೆ ಹಾಕಿದ್ದಾರೆ ಎಂದು. ತಿಳಿಯದವರಿಗೆ ಕೂತು ತಿಳಿಸಿ ಹೇಳಬಹುದು. ಇವರು ಓದಿ, ಅರ್ಥ ಮಾಡಿಕೊಂಡು, ಆಮೇಲೆ ಸುರಿದಿದ್ದರು. ಬಾನೆಟ್ ಮುಚ್ಚಿದೆ. ಅವರು ಡಬ್ಬಿ ಹಿಡಿದುಕೊಂಡು ಒಳಗೆ ಹೋದರು.

ನಾನು ಶೆಡ್ಡಿಗೆ ಹೋಗಿ ರೊಟ್ಟಿಯ ಹಂಚುಗಳನ್ನು, ಹಿಟ್ಟಿನ ಡಬ್ಬಗಳನ್ನು, ಹಿಟ್ಟು ನಾದುವ ಕೊಣಮಿಗೆಯನ್ನು ಒಂದೊಂದಾಗಿ ತಂದು ವ್ಯಾನಿಗೆ ಏರಿಸತೊಡಗಿದೆ. ಯಾದಗಿರಿಯ ಅಕ್ಕ ಏನೂ ಕೇಳದೆ ಇನ್ನೊಂದು ತುದಿ ಹಿಡಿದಳು. ಎಲ್ಲಾದರೂ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆ, ಎಲ್ಲಿ ಎಂದು ಆಗ ನನಗೂ ಗೊತ್ತಿರಲಿಲ್ಲ. ಗಾಡಿ ಚಾಲೂ ಮಾಡಿದಾಗ ನನ್ನ ಗಂಡ ಹೊರಗೆ ಬಂದರು. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ ಈಗಲಾದರೂ ಏನಾದರೂ ಹೇಳಿಯಾರು ಎಂದು ಗಾಜು ಇಳಿಸಿದೆ. ಎಲ್ಲಿಗೆ ಎನ್ನಲಿಲ್ಲ, ಹೋಗಬೇಡ ಎನ್ನಲಿಲ್ಲ, ನಾನೂ ಬರುತ್ತೇನೆ ಎನ್ನಲಿಲ್ಲ.

"ಅಣ್ಣಗ ಹೇಳೀಯೇನು?" ಎಂದರು.