ಯಾವ ಗಿಡದ್ದೂ ಅಲ್ಲದ ಎಲೆ

ಡಾಲಸ್‌ನ ಒಂದು ಚರ್ಚಿನ ಕಂಬಗಳ ನೆತ್ತಿಯಲ್ಲಿರುವ ಕಲ್ಲಿನ ಎಲೆಗಳಿಗೆ ತನ್ನ ಉಸಿರನ್ನು ತೆತ್ತವಳು ನನ್ನ ಅವ್ವ. ಅವನ್ನು ಕೆತ್ತಿಸಿದವರಲ್ಲಿ ಯಾರೂ ಕೆಮ್ಮಲಿಲ್ಲ. ಆಸ್ಟಿನ್ನಿನ ರಸ್ತೆಬದಿಯಲ್ಲಿ ಯಂತ್ರದ ಗರಗಸ ಒಣಗಲ್ಲನ್ನು ಕೊಯ್ಯುವಾಗ ಏಳುವ ಸುಟ್ಟಂತಹ ಘಾಟು ಮೂಗಿಗೆ ಬಡಿದರೆ, ಪಕ್ಕದ ಊರು ಲಿಯಾಂಡರ್‌ನ ನಮ್ಮ ಹಳೆಯ ಮನೆಯ ಗರಾಜಿನ ಬಾಗಿಲು ಇಂದಿಗೂ ನನ್ನೊಳಗೆ ತೆರೆದುಕೊಳ್ಳುತ್ತದೆ. ಸಂಜೆ ಅವ್ವ ಅಲ್ಲಿ ನಿಂತು ಮೇಲಂಗಿ ಕೊಡವುತ್ತಿದ್ದಳು. ಅವಳ ಹುಬ್ಬಿನ ಮೇಲೆ, ಮೂಗುತಿಯ ಹರಳಿನ ಸುತ್ತ, ಕಿವಿಯ ಮಡಿಕೆಗಳಲ್ಲಿ ಮರಳುಗಲ್ಲಿನ ನುಣ್ಣನೆಯ ಪುಡಿ ಕುಳಿತಿರುತ್ತಿತ್ತು. ಓಡಿಹೋಗಿ ತಬ್ಬಿಕೊಂಡರೆ ನನ್ನ ಕೆನ್ನೆಗೂ ಅಂಟುತ್ತಿತ್ತು.

ಧಾರವಾಡದಲ್ಲಿ ಶಿಲ್ಪಕಲೆ ಕಲಿತಿದ್ದ ಅವ್ವನಿಗೆ ಊರಾಚೆಯ ಒಂದು ಕೆತ್ತನೆಯ ಶೆಡ್ಡಿನಲ್ಲಿ ಕೆಲಸ ಸಿಕ್ಕಿತ್ತು. ಡಾಲಸ್‌ನ ಚರ್ಚಿನವರಿಗೆ ಗೋಥಿಕ್ ಶೈಲಿಯ ಆರಂಭಕಾಲದ ಎಲೆಗಳೇ ಬೇಕಿದ್ದವು. ಅವು ಕಂಬಕ್ಕೆ ಅಂಟಿ ಮಲಗುವ ಎಲೆಗಳಲ್ಲ. ದಂಟು ಬಿಗಿಯಾಗಿ ಮೇಲೇರಿ ತುದಿಯಲ್ಲಿ ಮೊಗ್ಗಿನಂತೆ ಸುರುಳಿಗೊಳ್ಳುತ್ತದೆ, ಹಿಂಬದಿಯಲ್ಲಿ ಬೆರಳು ತೂರುವಷ್ಟು ಆಳದ ಟೊಳ್ಳು. ಅವಳು ಮನೆಗೆ ತಂದ ಒಂದು ಮಾದರಿಯನ್ನು ಹಿಡಿದು, ಇದು ಯಾವ ಪ್ಲಾಂಟ್ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದ್ದೆ. "ಯಾವ ಗಿಡದ್ದೂ ಅಲ್ಲ ಪುಟ್ಟಿ. ಕಲ್ಲಿನ್ಯಾಗ ಹುಟ್ಟಿ ಕಲ್ಲಿನ್ಯಾಗ ಬೆಳಿಯೋ ಎಲಿ. ನೀರು ಹಾಕೋ ತ್ರಾಸಿಲ್ಲ ನೋಡು" ಎಂದು ನಕ್ಕಿದ್ದಳು.

ಆ ಶೆಡ್ಡಿನಲ್ಲಿ ದೂಳು ಅಡಗಿಸುವ ನೀರು ಇರಲೇ ಇಲ್ಲ. ನೆನೆದ ಕಲ್ಲು ಒಣಗಲು ಹೊತ್ತು ಬೇಕು, ಕೆಲಸ ತಡವಾಗುತ್ತದೆ ಎಂದು ಮಾಲೀಕರು ಒಣಗಲ್ಲನ್ನೇ ಕೊಯ್ಯಿಸಿದರು. ಅದು ಮೊದಲ ಅನ್ಯಾಯ. ಕೆತ್ತನೆ ನೋಡಲು ಬರುವ ಗಿರಾಕಿಗಳಿಗೆ ದೂಳು ಹೀರುವ ಯಂತ್ರದ ಸದ್ದು ಹಿಡಿಸದೆಂದು ಅದನ್ನು ಆರಿಸಿಟ್ಟರು, ಅದು ಎರಡನೆಯದು. ಉಳಿದವರು ಎಲೆಯ ಟೊಳ್ಳಿನ ಪುಡಿಯನ್ನು ಬಾಯಿಂದ ಊದಿ ತೆಗೆಯುತ್ತಿದ್ದರು. ಅವ್ವ ಒಪ್ಪಲಿಲ್ಲ. "ಯಾರ ದೇವರಾದ್ರೇನು, ದೇವರ ಮನಿ ಕಲ್ಲು. ಎಂಜಲಾಗಬಾರದು" ಎಂದಳು. ಮಾಲೀಕರು ಅವಳ ಭಕ್ತಿಯನ್ನು ಹೊಗಳಿ, ರಭಸವಾಗಿ ಗಾಳಿ ಚಿಮ್ಮುವ ಪೈಪನ್ನು ಕೈಗಿತ್ತರು. ಮುಖಕ್ಕೆ ಕವಚ ಕೊಡಲಿಲ್ಲ. ಪ್ರತಿ ಟೊಳ್ಳಿನ ದೂಳೂ ಮೋಡವಾಗಿ ಎದ್ದು ಅವಳ ಮುಖಕ್ಕೇ ಬಂತು. ಅಡ್ಡವಿದ್ದದ್ದು ಹತ್ತಿಯ ಒಂದು ಓಢಣಿ ಮಾತ್ರ. ಅವಳ ಶ್ರದ್ಧೆಯನ್ನು ನಾನು ದೂರುವುದಿಲ್ಲ. ಆ ಶ್ರದ್ಧೆ ತಮಗೆ ಅಗ್ಗವಾಗಿ ಒದಗಿತೆಂದು ಬಳಸಿಕೊಂಡವರನ್ನು ದೂರುತ್ತೇನೆ.

ಚಳಿಗಾಲದಲ್ಲಿ ಕೆಮ್ಮು ಶುರುವಾಯಿತು. ಎದುರುಮನೆಯ ಮೈಸೂರಿನ ಸುಧಾ ಆಂಟಿ, "ಸೀಡರ್ ಅಲರ್ಜಿ ಕಣ್ರೀ. ಟೆಕ್ಸಾಸ್ ನಿಮ್ಮನ್ನ ತನ್ನೋರು ಅಂತ ಒಪ್ಕೊಂಡಿದೆ" ಎಂದರು. "ಹಂಗಾದ್ರ ಸಿಟಿಜನ್‌ಶಿಪ್ ಪರೀಕ್ಷಾ ಪಾಸಾದಂಗ ಬಿಡ್ರಿ" ಎಂದು ಅವ್ವ ಕೆಮ್ಮುತ್ತಲೇ ನಕ್ಕಳು. ಸೀಡರ್ ಮರಗಳ ಪರಾಗಕ್ಕೆ ಇಲ್ಲಿ ಮನೆಮಂದಿಯೆಲ್ಲ ಸೀನುವ ಕಾಲವದು. ಡಾಕ್ಟರೂ ಅದಕ್ಕೇ ಮಾತ್ರೆ ಬರೆದರು. ಏನು ಕೆಲಸ ಮಾಡುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಆ ಕೇಳದ ಪ್ರಶ್ನೆಯೂ ಅನ್ಯಾಯವೇ. ವಸಂತ ಬಂತು, ಪರಾಗ ನಿಂತಿತು, ಕೆಮ್ಮು ನಿಲ್ಲಲಿಲ್ಲ. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಕೊನೆಗೊಮ್ಮೆ ಎಕ್ಸ್‌ರೇ ತೆಗೆದಾಗ ಎದೆಯ ತುಂಬ ಕಲ್ಲುದೂಳಿನ ಗಾಯಗಳಿದ್ದವು.

ಆಮ್ಲಜನಕದ ನಳಿಕೆಯೊಂದಿಗೆ ಅವಳನ್ನು ಒಮ್ಮೆ ಆ ಚರ್ಚಿಗೆ ಕರೆದೊಯ್ದೆವು. ಗೋಡೆಯ ಫಲಕದಲ್ಲಿ ದಾನಿಗಳ ಹೆಸರುಗಳಿದ್ದವು, ಕೆತ್ತಿದವರದು ಒಂದೂ ಇರಲಿಲ್ಲ. ಅವಳು ಗಾಲಿಕುರ್ಚಿಯಲ್ಲಿ ಕತ್ತೆತ್ತಿ ಬಹಳ ಹೊತ್ತು ನೋಡಿ, "ಹಿಂದಿನ ಬಾಜು ಯಾರಿಗೂ ಕಾಣಂಗಿಲ್ಲ, ಅಲ್ಲಾ?" ಎಂದಳು. ಮುಂದಿನ ಚಳಿಗಾಲಕ್ಕೆ ಅವಳಿರಲಿಲ್ಲ. ಗರಾಜಿದ್ದ ಮನೆಯೂ ಈಗ ಬೇರೆಯವರದು.

ಅದೇ ಶೆಡ್ಡು ಈಗ ಹ್ಯೂಸ್ಟನ್ನಿನ ಹೊಸ ಚರ್ಚಿಗೆ ಅವೇ ಎಲೆಗಳನ್ನು ಕೆತ್ತಲು ಹೊರಟಿದೆ. ಮಾಲೀಕರೇ, ಕೆತ್ತಿಸುವ ಚರ್ಚಿನ ಸಮಿತಿಯವರೇ, ಮೊದಲ ಕಲ್ಲಿಗೆ ಉಳಿ ತಾಗುವ ಮುನ್ನ ಆ ಗಾಳಿಯ ಪೈಪನ್ನು ಕಿತ್ತುಹಾಕಿ. ಅಲ್ಲಿ ದುಡಿದ ಪ್ರತಿಯೊಬ್ಬರ ಎದೆಯನ್ನೂ ನಿಮ್ಮ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿ. ಪ್ರತಿ ಗರಗಸಕ್ಕೂ ನೀರಿನ ನಳ ಜೋಡಿಸಿ. ಆ ಎಲೆಗಳಿಗೂ ನೀರು ಬೇಕು.