ಗೋಡೆಗೆ ಸಾಲದ ಕ್ಯಾಮೆರಾ

ಮೊನ್ನೆ ಲಿಫ್ಟಿನಲ್ಲಿ, ಮದುವೆಗೆ ಹೊರಟಿದ್ದ ಹೆಂಗಸೊಬ್ಬರ ರೇಷ್ಮೆ ಸೀರೆಯಿಂದ ನುಸಿಗುಳಿಗೆಯ ವಾಸನೆ ಬಂತು. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ. ನನಗೆ ವರ್ತೂರಿನ ಓನರ್ ಅಜ್ಜಿ ನೆನಪಾಗಿ, ಇಳಿಯಬೇಕಾದ ಮಹಡಿಯೇ ದಾಟಿಹೋಯಿತು...

ಫೋನಿನಲ್ಲಿ ತೆಗೆದ ಫೋಟೊಗಳೆಲ್ಲ ಮಂಜುಮಂಜಾಗಿ ಬರುತ್ತಿದ್ದ ಕಾಲ ಅದು. ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ನಾನು, ಅಜ್ಜಿಯ ಮನೆಯ ಮೇಲಿನ ರೂಮಿನಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಹೊಲವಿದ್ದ ಜಾಗದಲ್ಲಿ ಅವರ ಮಗ ಸಾಲಾಗಿ ರೂಮು ಕಟ್ಟಿಸಿದ್ದ. ಉಳಿದ ಅಂಗೈಯಗಲ ನೆಲದಲ್ಲಿ ಅಜ್ಜಿ ಸೊಪ್ಪು ಬೆಳೆದುಕೊಂಡು, ಜಗಲಿಯ ಮೇಲೆ ಕೂತಿರುತ್ತಿದ್ದರು. ಡ್ಯೂಟಿ ಮುಗಿಸಿ ಬಂದರೆ "ಉಂಡ್ಯೇನವ್ವ?" ಎಂದು ಕೇಳುವ ಜೀವ ಆ ಊರಿನಲ್ಲಿ ಅದೊಂದೇ.

ನನ್ನ ಹತ್ತಿರ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇತ್ತು. ಗೆಳತಿಯರೆಲ್ಲ ಸೇರಿ ಊರೂರು ಸುತ್ತುತ್ತಿದ್ದಾಗ ಕೊಂಡದ್ದು. ಒಬ್ಬೊಬ್ಬರೇ ಮದುವೆಯಾಗಿ ಹೋದರು. ನಾನೂ ಕ್ಯಾಮೆರಾವೂ ಉಳಿದೆವು. ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಬೀದಿಗಿಳಿದರೆ "ಮೇಡಂ, ಯಾವ ಚಾನೆಲ್ಲು?" ಎನ್ನುತ್ತಿದ್ದರು. ಒಬ್ಬಳೇ ಓಡಾಡುವವಳಿಗೆ ಅಷ್ಟು ಭಾರ ಯಾಕೆ, ಊಟದ ಬ್ಯಾಗಿನಲ್ಲಿ ಹಿಡಿಯುವಂಥದ್ದು ಸಾಕು ಅನ್ನಿಸಿತು.

ಆ ದೊಡ್ಡ ಕ್ಯಾಮೆರಾದ ಮೇಲೆ ಅಜ್ಜಿಗೆ ಕಣ್ಣಿತ್ತು. ಅವರ ನಡುಮನೆಯ ಗೋಡೆಯಲ್ಲಿ ತೀರಿಹೋದ ಗಂಡನ ಫೋಟೊ, ಕಿಟಕಿಯಷ್ಟು ದೊಡ್ಡದು. ಸ್ಟುಡಿಯೋದವನು ಮೂರು ಕಾಲಿನ ಮೇಲೆ ಪೆಟ್ಟಿಗೆಯಂಥ ಕ್ಯಾಮೆರಾ ಇಟ್ಟು, ಕರಿ ಬಟ್ಟೆ ಹೊದ್ದು ತೆಗೆದದ್ದಂತೆ. ದೊಡ್ಡ ಫೋಟೊ ಬರಬೇಕಾದರೆ ಕ್ಯಾಮೆರಾನೂ ದೊಡ್ಡದಿರಬೇಕು ಎಂದು ಅಜ್ಜಿ ಅಂದೇ ತೀರ್ಮಾನಿಸಿಬಿಟ್ಟಿದ್ದರು.

"ನಂದೊಂದು ಫೋಟ ಇಡ್ಕೊಡವ್ವ. ಬದುಕಿದ್ದಾಗ ಅವ್ರ ಬೆನ್ನಿಂದೆನೇ ನಡ್ದೆ. ಗೋಡೆ ಮ್ಯಾಲಾದ್ರೂ ಸಮಸಮ ಇರ್ಬೇಕು."

ಮಗ-ಸೊಸೆ ಇಲ್ಲದ ದಿನವೇ ತೆಗೆಯಬೇಕೆಂದು ಹಟ. ಈ ವಯಸ್ಸಿನಲ್ಲಿ ಸಿಂಗಾರ ಮಾಡಿಕೊಂಡರೆ ನಗುತ್ತಾರೆಂಬ ನಾಚಿಕೆ. ಅವರಿಬ್ಬರೂ ಆನೇಕಲ್‌ಗೆ ನಾಮಕರಣಕ್ಕೆ ಹೋಗುವ ಭಾನುವಾರ ಗೊತ್ತಾಯಿತು. "ಯಾರ್ಗೂ ಯೋಳ್ಬ್ಯಾಡ," ಅಂದರು. ಆಯ್ತಜ್ಜಿ ಅಂದೆ.

ನನ್ನ ತಲೆಯ ತುಂಬ ಹೊಸ ಕ್ಯಾಮೆರಾನೇ. ಎರಡು ತಿಂಗಳಿಂದ ಅಳೆದೂ ತೂಗಿ ನೋಡುತ್ತಿದ್ದೆ. ಇದಕ್ಕೆ ಜೂಮ್ ಚೆನ್ನಾಗಿದೆ, ಬೆಳಕು ಕಡಿಮೆಯಾದರೆ ಕಾಳುಕಾಳಾಗಿ ಬರುತ್ತದೆ. ಅದರ ಲೆನ್ಸ್ ಒಳ್ಳೆಯದು, ಬ್ಯಾಟರಿ ನಿಲ್ಲುವುದಿಲ್ಲ. ರಟ್ಟನ್ನು ಕ್ಯಾಮೆರಾಗಳ ಅಳತೆಗೆ ಕತ್ತರಿಸಿ ಬ್ಯಾಗಿಗೆ ತೂರಿಸಿ ನೋಡಿದ್ದೂ ಉಂಟು. ಗಂಡು ನೋಡುವವರೂ ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ! ಕೊನೆಗೆ ಒಂದನ್ನು ಆರಿಸಿದೆ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಸೌಲಭ್ಯಕ್ಕೆ ಅಂಗಡಿಯವರು ಹೇಳಿದ ಕೊನೆಯ ದಿನ ಅದೇ ಭಾನುವಾರ. ಅಜ್ಜಿಯ ಮಾತು ಮರೆತೇಹೋಯಿತು. ಬೆಳಗ್ಗೆ ಮೊದಲ ಬಸ್ಸಿಗೇ ಹೊರಟುಬಿಟ್ಟೆ.

ಸಂಜೆ ಬಂದಾಗ ಅಜ್ಜಿ ಜಗಲಿಯ ಮೇಲಿದ್ದರು. ಟ್ರಂಕಿನಿಂದ ತೆಗೆದ ರೇಷ್ಮೆ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಮುಖಕ್ಕೆ ಪೌಡರು. ಎಷ್ಟು ಹೊತ್ತಿನಿಂದ ಕೂತಿದ್ದರೋ... ಕೊಟ್ಟ ಮಾತು ಆಗ ನೆನಪಾಯಿತು. ಬ್ಯಾಗಿನಿಂದ ಹೊಸ ಕ್ಯಾಮೆರಾ ತೆಗೆದು ತೋರಿಸಿದೆ. ಅದು ಅವರ ಅಂಗೈಯಲ್ಲಿ ಎಲೆಯಡಿಕೆ ಡಬ್ಬಿಯಂತೆ ಕೂತಿತು.

"ದೊಡ್ಡದೆಲ್ಲವ್ವ?"

"ಕೊಟ್ಬಿಟ್ಟೆ ಅಜ್ಜಿ. ಇದ್ರಲ್ಲೂ ದೊಡ್ಡದಾಗೇ ಬರುತ್ತೆ. ಅಂಗೇ ಕೂತ್ಕೊಳ್ಳಿ, ಈಗ್ಲೇ ತೆಗೀತೀನಿ."

ಅಜ್ಜಿ ಅದನ್ನು ಹಿಂದೆಮುಂದೆ ತಿರುಗಿಸಿ ವಾಪಸು ಕೊಟ್ಟರು. "ಇದು ಓಟಿನ ಕಾರ್ಡಿಗೆ ಸಾಕು ಕಣವ್ವ, ಗೋಡೆಗೆ ಸಾಲ್ದು. ಓಗ್ಲಿ ಬಿಡು." ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದು, ಎಂದಿನಂತೆ "ಉಂಡ್ಯೇನವ್ವ?" ಅಂದರು. ಬೈದಿದ್ದರೆ ನೆಮ್ಮದಿಯಾಗಿರುತ್ತಿತ್ತು.

ಆಮೇಲೆ ಆ ಕ್ಯಾಮೆರಾ ದಿನವೂ ನನ್ನ ಜೊತೆಗಿತ್ತು. ಕೆರೆಯ ನೊರೆ, ಸೊಪ್ಪಿನ ಮಡಿ, ಅವರೆಕಾಯಿ ಸುಲಿಯುವ ಅಜ್ಜಿಯ ಕೈ, ಎಲ್ಲ ತೆಗೆದೆ. ಮುಖಕ್ಕೆ ಹಿಡಿದರೆ ಮಾತ್ರ ಅವರು ಸೆರಗು ಅಡ್ಡ ಹಿಡಿಯುತ್ತಿದ್ದರು. ಅದರಲ್ಲೇ ತೆಗೆದ ಯಾವುದಾದರೂ ಫೋಟೊವನ್ನು ಕಿಟಕಿಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಣ್ಣಮುಂದೆ ಹಿಡಿದಿದ್ದರೆ ಅಜ್ಜಿ ನಂಬುತ್ತಿದ್ದರು. ಎರಡು ತಿಂಗಳು ಕ್ಯಾಮೆರಾ ಆರಿಸಿದ ನನ್ನ ಮಂಡೆಗೆ ಇಷ್ಟು ಹೊಳೆಯಲಿಲ್ಲ ನೋಡಿ. ಹೊಳೆಯುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಅವರು ತೀರಿಕೊಳ್ಳುವ ಮೊದಲೇ ಕೆಲಸ ಬದಲಾಗಿ ನಾನು ವರ್ತೂರು ಬಿಟ್ಟಿದ್ದೆ. ಹೋದ ವರ್ಷ ಅವರ ಮೊಮ್ಮಗಳ ಮದುವೆಗೆ ಕರೆದಿದ್ದರು, ಹೋಗಿದ್ದೆ. ನಡುಮನೆಯಲ್ಲಿ ಗಂಡನ ಪಕ್ಕಕ್ಕೆ ಅಜ್ಜಿಯ ಫೋಟೊ ಇತ್ತು, ಶಾಲೆಯ ನೋಟ್‌ಬುಕ್ಕಿನಷ್ಟು. ವೋಟರ್ ಕಾರ್ಡಿನ ಫೋಟೊವನ್ನು ಅದಕ್ಕಿಂತ ದೊಡ್ಡದು ಮಾಡಿದರೆ ಕಣ್ಣುಮೂಗೇ ಕಾಣುವುದಿಲ್ಲ ಅಂದರಂತೆ ಸ್ಟುಡಿಯೋದವರು.

ನಾನು ನೋಡುತ್ತ ನಿಂತದ್ದನ್ನು ಕಂಡು ಮಗ ಹತ್ತಿರ ಬಂದ. "ಅದೊಂದೇ ಅಕ್ಕ ಇದ್ದಿದ್ದು. ನಮ್ಮವ್ವಂಗೆ ಫೋಟೊ ಅಂದ್ರೇನೇ ಆಗ್ತಿರ್ಲಿಲ್ಲ, ಅಲ್ವಾ?"

ಹೌದು ಅಂದುಬಿಟ್ಟೆ.

ಮನೆಗೆ ಬಂದು ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ... ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಜ್ಜಿಗೆ ಫೋಟೊ ಬೇಕಿತ್ತು. ಬೆಳಗಿನಿಂದ ಕಾದಿದ್ದರು.